ಹುಲಿಗಿ ಕಡೆಯ ಮೊಟ್ಟೆ, ನಮ್ಮೂರ ಕೋಳಿ ಶೆಡ್: ಲಾಭ ಯಾರಿಗೆ, ನಷ್ಟ ಯಾರಿಗೆ?

ಮೊಟ್ಟೆಯ ದರ ಏರಿದಾಗ ನಾವು ಮೊದಲು ಬೈಯುವುದು ಓಣಿಯ ಅಂಗಡಿಯವನನ್ನು. ಅವನು ಸಗಟು ವ್ಯಾಪಾರಿಯನ್ನು ತೋರಿಸುತ್ತಾನೆ, ಸಗಟು ವ್ಯಾಪಾರಿ ಮೊಬೈಲ್ ತೆಗೆದು ಆ ದಿನದ ದರಪಟ್ಟಿ ತೋರಿಸುತ್ತಾನೆ. ಆ ಪಟ್ಟಿಯಲ್ಲಿ ನಾಮಕ್ಕಲ್, ಹೈದರಾಬಾದ್, ಪುಣೆ, ಮೈಸೂರಿನ ಜೊತೆಗೆ ಹೊಸಪೇಟೆಯ ಹೆಸರೂ ಇರುತ್ತದೆ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ಅಂದರೆ ಎನ್‌ಇಸಿಸಿ, ಪ್ರತಿದಿನ ನೂರು ಮೊಟ್ಟೆಗೆ ಇಷ್ಟು ಎಂದು ಹೊರಡಿಸುವ ಪಟ್ಟಿ ಇದು. ಇದರಲ್ಲಿ ಬೆಂಗಳೂರಿನ ಹೆಸರಿನ ಮುಂದೆ ಬಳಕೆಯ ಕೇಂದ್ರ ಎಂಬ ಗುರುತಿದೆ. ಹೊಸಪೇಟೆ ಇರುವುದು ಉತ್ಪಾದನೆಯ ಕೇಂದ್ರಗಳ ಸಾಲಿನಲ್ಲಿ.

ಹೊಸಪೇಟೆಯಿಂದ ತುಂಗಭದ್ರೆ ದಾಟಿದರೆ ಮುನಿರಾಬಾದ್, ಅದರ ಪಕ್ಕದಲ್ಲೇ ಹುಲಿಗಿ. ನಮ್ಮವರಿಗೆ ಹುಲಿಗಿ ಅಂದರೆ ಹುಲಿಗೆಮ್ಮನ ಜಾತ್ರೆಯ ಊರು ಎಂದಷ್ಟೇ ಗೊತ್ತು. ಆದರೆ ಕೋಳಿ ಲೆಕ್ಕಕ್ಕೆ ಇದು ಒಳ್ಳೆಯ ಜಾಗದಲ್ಲಿ ಕುಳಿತ ಊರು. ಪೂರ್ವಕ್ಕೆ ಗಂಗಾವತಿಯ ಭತ್ತದ ಗದ್ದೆಗಳು ಮತ್ತು ಅಕ್ಕಿ ಗಿರಣಿಗಳು. ಉತ್ತರಕ್ಕೆ ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ, ಸಜ್ಜೆ. ಸೊಲ್ಲಾಪುರದಿಂದ ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗ, ಕಾರ್ಕಳ ಹಾದು ಮಂಗಳೂರಿಗೆ ಬರುತ್ತಿದ್ದ ಹಳೆಯ 13ನೇ ನಂಬರಿನ ಹೆದ್ದಾರಿ ಈ ಸೀಮೆಯನ್ನೂ ನಮ್ಮ ಕರಾವಳಿಯನ್ನೂ ಒಂದೇ ಗೆರೆಯಲ್ಲಿ ಹೊಲಿದಿತ್ತು. ಈಗ ಅದೇ ದಾರಿಗೆ ಬೇರೆ ಬೇರೆ ನಂಬರು ಬಂದಿದೆ, ಅಷ್ಟೇ. ಅಂತರ ಸುಮಾರು 400 ಕಿ.ಮೀ.

ಈ ವಾರ ನಾವು ಕೋಳಿಯ ಲೆಕ್ಕ ತೆಗೆದುಕೊಂಡದ್ದಕ್ಕೆ ಕಾರಣವಿದೆ. ನಮ್ಮವರಲ್ಲಿ ಕೋಳಿ ಅಂಗಡಿ, ಮೊಟ್ಟೆ ವ್ಯಾಪಾರ, ಹೊಟೇಲ್, ಸಾಗಾಟದ ಪಿಕಪ್ ನಂಬಿ ಬದುಕುವ ಮನೆಗಳು ಕಡಿಮೆಯಿಲ್ಲ. ಗಲ್ಫ್‌ನಿಂದ ಮರಳಿ ಬಂದು "ತೋಟದ ಮೂಲೆಯಲ್ಲಿ ಒಂದು ಕೋಳಿ ಶೆಡ್ ಹಾಕಿದರೆ ಹೇಗೆ?" ಎಂದು ಕೇಳುವ ಯುವಕರೂ ಹೆಚ್ಚುತ್ತಿದ್ದಾರೆ. ಕೇಳುವ ಮೊದಲು ಈ ವ್ಯವಹಾರ ಎಲ್ಲಿ ನಿಲ್ಲುತ್ತದೆ, ಯಾಕೆ ಅಲ್ಲೇ ನಿಲ್ಲುತ್ತದೆ ಎಂದು ತಿಳಿಯಬೇಕು.

ದೇಶದ ನಕ್ಷೆಯಲ್ಲಿ ಕೋಳಿ

2023-24ರಲ್ಲಿ ದೇಶದಲ್ಲಿ ಉತ್ಪಾದನೆಯಾದ ಮೊಟ್ಟೆ ಸುಮಾರು 14,277 ಕೋಟಿ. ತಲೆಗೆ ವರ್ಷಕ್ಕೆ 103. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಶಿಫಾರಸು ಮಾಡುವುದು 180. ಅಂದರೆ ತಿನ್ನುವ ಜನ ಇನ್ನೂ ಇದ್ದಾರೆ, ಮಾರುಕಟ್ಟೆ ಇನ್ನೂ ಬೆಳೆಯಬಹುದು.

ಆದರೆ ಈ ಮೊಟ್ಟೆ ದೇಶದ ತುಂಬ ಸಮವಾಗಿ ಹರಡಿಲ್ಲ. ಆಂಧ್ರಪ್ರದೇಶದ ಪಾಲು ಶೇ 17.85, ತಮಿಳುನಾಡಿನದು ಶೇ 15.64, ತೆಲಂಗಾಣದ್ದು ಶೇ 12.88, ಪಶ್ಚಿಮ ಬಂಗಾಳದ್ದು ಶೇ 11.37. ಐದನೇ ಜಾಗದಲ್ಲಿ ನಮ್ಮ ಕರ್ನಾಟಕ, ಶೇ 6.63. ಮೂರರಲ್ಲಿ ಎರಡು ಮೊಟ್ಟೆ ಈ ಐದು ರಾಜ್ಯಗಳಿಂದಲೇ ಬರುತ್ತವೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿ ಸಂಖ್ಯೆ 85 ಕೋಟಿ ದಾಟಿತ್ತು, ಕರ್ನಾಟಕದ್ದು ಸುಮಾರು 5.95 ಕೋಟಿ.

ರಾಜ್ಯದ ಒಳಗೂ ಹೀಗೇ. ಮೊಟ್ಟೆಯ ದೊಡ್ಡ ಫಾರಂಗಳು ಹೊಸಪೇಟೆ, ಬಳ್ಳಾರಿ, ಕೊಪ್ಪಳ, ದಾವಣಗೆರೆ, ಮೈಸೂರು ಕಡೆ. ಕರಾವಳಿಯಲ್ಲಿ ಮೊಟ್ಟೆ ತಿನ್ನುವವರು ಬೇಕಾದಷ್ಟು, ಮೊಟ್ಟೆ ಫಾರಂ ತೀರಾ ಕಡಿಮೆ. ಮಾಂಸದ ಕೋಳಿ, ಅಂದರೆ ಬ್ರಾಯ್ಲರ್, ಹಾಗಲ್ಲ. ಅದರ ಶೆಡ್‌ಗಳು ಬೆಳ್ತಂಗಡಿ, ಪುತ್ತೂರು, ಬಂಟ್ವಾಳ, ಕಾರ್ಕಳದ ತೋಟಗಳ ನಡುವೆಯೂ ಕಾಣಸಿಗುತ್ತವೆ. ಮೊಟ್ಟೆ ಘಟ್ಟದ ಮೇಲೆ, ಮಾಂಸದ ಕೋಳಿ ಘಟ್ಟದ ಕೆಳಗೂ. ಯಾಕೆ ಹೀಗೆ?

ತೂಕದ ಲೆಕ್ಕ

ಮೊಟ್ಟೆ ಕೋಳಿಯೊಂದು ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಒಂದು ಲಕ್ಷ ಕೋಳಿ ಇರುವ ಫಾರಂಗೆ ದಿನಕ್ಕೆ 11 ಟನ್ ಬೇಕು. ನೂರಕ್ಕೆ ತೊಂಬತ್ತು ಕೋಳಿ ಮೊಟ್ಟೆ ಇಟ್ಟರೂ ಹೊರಗೆ ಬರುವುದು 90 ಸಾವಿರ ಮೊಟ್ಟೆ. ಒಂದರ ತೂಕ 55 ಗ್ರಾಂ ಹಿಡಿದರೆ 5 ಟನ್. ಒಳಗೆ 11 ಟನ್, ಹೊರಗೆ 5 ಟನ್. ಭಾರ ಇರುವುದು ಕಾಳಿನಲ್ಲಿ. ಕಾಳನ್ನು ತಿನ್ನುವ ಊರಿಗೆ ಸಾಗಿಸುವುದಕ್ಕಿಂತ ಮೊಟ್ಟೆಯನ್ನು ಸಾಗಿಸುವುದು ಅಗ್ಗ. ಟ್ರೇಯಲ್ಲಿ ಜೋಡಿಸಿದರೆ ಮೊಟ್ಟೆ ನಾಲ್ಕು ನೂರು ಕಿ.ಮೀ. ಬಂದರೂ ತೂಕ ಇಳಿಸುವುದಿಲ್ಲ, ಹಸಿವು ಬಾಯಾರಿಕೆ ಅನ್ನುವುದಿಲ್ಲ.

ಈ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ. ಆಮೇಲೆ ಸೋಯಾ ಹಿಂಡಿ, ಅಕ್ಕಿ ತೌಡು, ನುಚ್ಚು, ಚಿಪ್ಪು ಗಟ್ಟಿಯಾಗಲು ಸುಣ್ಣದ ಅಂಶ. ಗಂಗಾವತಿಯ ಗಿರಣಿಯಲ್ಲಿ ತೌಡು, ಯಲಬುರ್ಗಾದ ಹೊಲದಲ್ಲಿ ಮೆಕ್ಕೆಜೋಳ ಸಿಗುವಾಗ ಫಾರಂ ಅಲ್ಲಿ ನಿಲ್ಲುತ್ತದೆಯೇ ಹೊರತು ಉಳ್ಳಾಲದಲ್ಲಿ ನಿಲ್ಲುವುದಿಲ್ಲ. ಉಳ್ಳಾಲದಿಂದ ಘಟ್ಟ ಹತ್ತುವುದು ಬೇರೆ ಸರಕು. ಅಲ್ಲಿನ ಕಾರ್ಖಾನೆಗಳ ಮೀನಿನ ಹುಡಿ ಸಿಗಡಿ ಆಹಾರಕ್ಕೆ ಹೋಗುತ್ತದೆ, ಕೋಳಿ ಆಹಾರಕ್ಕೂ ಹೋಗುತ್ತದೆ.

ಒಣ ಹವೆಯೂ ಮೊಟ್ಟೆ ಫಾರಂಗೆ ಅನುಕೂಲ. ಬೇಸಿಗೆಯಲ್ಲಿ ಕೊಪ್ಪಳದ ಬಿಸಿಲು 40 ಡಿಗ್ರಿ ದಾಟಿದಾಗ ಕೋಳಿ ಆಹಾರ ಬಿಡುತ್ತದೆ, ಮೊಟ್ಟೆ ಇಳಿಯುತ್ತದೆ, ಸಾವೂ ಆಗುತ್ತದೆ. ಅದಕ್ಕೆ ಮಾಡಿನ ಮೇಲೆ ನೀರು ಬಿಡುತ್ತಾರೆ, ಒಳಗೆ ಮಂಜಿನಂತೆ ನೀರು ಸಿಂಪಡಿಸುತ್ತಾರೆ. ನಮ್ಮ ಆಟಿ ತಿಂಗಳ ಮಳೆಗೆ ಅಂಥ ಸುಲಭದ ಮದ್ದಿಲ್ಲ. ನೆಲದ ಹೊಟ್ಟು ಒದ್ದೆಯಾದರೆ ವಾಸನೆ, ರೋಗ ಎರಡೂ ಬರುತ್ತವೆ.

ಬ್ರಾಯ್ಲರ್‌ನ ಕಥೆ ತಿರುವುಮುರುವು. ಕಿಲೋ ಮಾಂಸದ ಕೋಳಿಗೆ ಒಂದೂಮುಕ್ಕಾಲು ಕಿಲೋದ ಒಳಗೆ ಆಹಾರ ಸಾಕು, ನಲವತ್ತು ದಿನ ಕಳೆಯುವಾಗ ಕೋಳಿ ಎರಡು ಕಿಲೋ ತೂಗುತ್ತದೆ. ಆದರೆ ಜೀವಂತ ಕೋಳಿಯನ್ನು ದೂರ ಸಾಗಿಸಿದರೆ ದಾರಿಯಲ್ಲೇ ತೂಕ ಇಳಿಯುತ್ತದೆ, ಕೆಲವು ಸಾಯುತ್ತವೆ. ಕರಾವಳಿಯ ಗಿರಾಕಿ ಕಣ್ಣೆದುರು ಕೊಯ್ದ ಕೋಳಿಯನ್ನೇ ಕೇಳುತ್ತಾನೆ. ಹಲಾಲ್ ನೋಡುವ ನಾವು ಮಾತ್ರವಲ್ಲ, ಬೇರೆಯವರೂ ಐಸ್ ಹಾಕಿದ ಕೋಳಿ ಬೇಡ ಅನ್ನುತ್ತಾರೆ. ಹಾಗಾಗಿ ಆಹಾರದ ಚೀಲ ಘಟ್ಟ ಇಳಿಯುತ್ತದೆ, ಕೋಳಿ ಇಲ್ಲೇ ಬೆಳೆಯುತ್ತದೆ.

ಮೊಟ್ಟೆ ಕಾಳಿನ ಹತ್ತಿರ, ಬ್ರಾಯ್ಲರ್ ತಿನ್ನುವವರ ಹತ್ತಿರ. ಹಂಚಿಕೆಯ ಮುಖ್ಯ ಸೂತ್ರ ಇದು.

ಯಲಬುರ್ಗಾದ ರೈತನ ಕಿಸೆ

ಹಾಗಾದರೆ ಕಾಳು ಬೆಳೆಯುವವನಿಗೆ ಲಾಭ ಆಗಬೇಕಿತ್ತು ಅಲ್ವಾ? ಆಗಲಿಲ್ಲ. 2025-26ಕ್ಕೆ ಕೇಂದ್ರ ಸರಕಾರ ಘೋಷಿಸಿದ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂ. 2025ರ ನವೆಂಬರ್‌ನಲ್ಲಿ ಕೊಯ್ಲು ಮಾರುಕಟ್ಟೆಗೆ ಬಂದಾಗ ಉತ್ತರ ಕರ್ನಾಟಕದ ರೈತರಿಗೆ ಸಿಕ್ಕಿದ್ದು 1,600ರಿಂದ 1,800 ರೂ. ಗದಗ, ಹಾವೇರಿ ಕಡೆ ರೈತರು ಬೀದಿಗಿಳಿದರು. ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಮದ್ಯಸಾರ ಘಟಕಗಳು, ಪಶು ಆಹಾರ ಘಟಕಗಳು ಖರೀದಿಸಲಿ ಎಂಬ ಮಾತುಕತೆ ನಡೆಯಿತು.

ಇದಕ್ಕೆ ಒಂದೇ ವರ್ಷದ ಹಿಂದೆ ಮಾತು ಬೇರೆಯೇ ಇತ್ತು. ಎಥೆನಾಲ್‌ಗೆ ಮೆಕ್ಕೆಜೋಳ ಹೋಗತೊಡಗಿ ದರ ಏರಿತು. 2024ರಲ್ಲಿ ಕೋಳಿ ಉದ್ಯಮದವರು ಸುಂಕವಿಲ್ಲದೆ ಆಮದು ಮಾಡಲು ಬಿಡಿ ಎಂದು ಕೇಳಿದರು. ಸೋಯಾ ಹಿಂಡಿಯಲ್ಲೂ ಇದೇ ಹಾವು ಏಣಿ ಆಟ. 2021ರಲ್ಲಿ ಅದರ ದರ ಗಗನಕ್ಕೇರಿ, ಕೇಂದ್ರ ಸರಕಾರವೇ 12 ಲಕ್ಷ ಟನ್ ಆಮದಿಗೆ ಅನುಮತಿ ಕೊಟ್ಟಿತ್ತು. ದರ ಏರಿದರೆ ಫಾರಂನವನು ಅಳುತ್ತಾನೆ, ಇಳಿದರೆ ರೈತ ಅಳುತ್ತಾನೆ.

ರೈತನಿಗೆ ಬೆಂಬಲ ಬೆಲೆ ಕೊಟ್ಟರೆ ನಮ್ಮ ಮೊಟ್ಟೆ ಎಷ್ಟು ದುಬಾರಿಯಾಗುತ್ತದೆ? ಮೇಲಿನ ಒಂದು ಲಕ್ಷ ಕೋಳಿಯ ಫಾರಂನ್ನೇ ತೆಗೆದುಕೊಳ್ಳೋಣ. 11 ಟನ್ ಆಹಾರದಲ್ಲಿ ಶೇ 55 ಮೆಕ್ಕೆಜೋಳ ಎಂದರೆ ದಿನಕ್ಕೆ 60 ಕ್ವಿಂಟಲ್. 1,700ರ ಬದಲು 2,400 ರೂ. ಕೊಟ್ಟರೆ ಕ್ವಿಂಟಲ್‌ಗೆ 700 ರೂ. ಹೆಚ್ಚು, ದಿನಕ್ಕೆ 42 ಸಾವಿರ. ಅದನ್ನು 90 ಸಾವಿರ ಮೊಟ್ಟೆಗೆ ಹಂಚಿದರೆ ಒಂದಕ್ಕೆ 47 ಪೈಸೆ.

ಅರ್ಧ ರೂಪಾಯಿಯೂ ಇಲ್ಲ. ಇಪ್ಪತ್ತು ಕ್ವಿಂಟಲ್ ಬೆಳೆದ ಕುಷ್ಟಗಿಯ ರೈತನಿಗೆ ಅದೇ ವ್ಯತ್ಯಾಸ 14 ಸಾವಿರ ರೂ. ಅವನ ಮನೆಗೆ ಅದು ಬೀಜ, ಗೊಬ್ಬರದ ಹಣ. ನಮಗೆ ತಿಂಗಳಿಗೆ ಎರಡು ಟ್ರೇ ಮೊಟ್ಟೆಯಲ್ಲಿ ಸುಮಾರು 28 ರೂ.

ರೈತ ಕಳೆದುಕೊಂಡ ಆ 47 ಪೈಸೆ ನಮಗಾದರೂ ಸಿಕ್ಕಿತೇ? ಅದೂ ಇಲ್ಲ. 2025ರ ಡಿಸೆಂಬರ್‌ನಲ್ಲಿ ಅಂಗಡಿಯಲ್ಲಿ ಮೊಟ್ಟೆ 7-8 ರೂ. ಆಗಿತ್ತು. ಚಳಿಗಾಲದಲ್ಲಿ ಉತ್ತರ ಭಾರತದ ಬೇಡಿಕೆ ಏರುತ್ತದೆ. ಇವತ್ತು ದರ ಏರಿತೆಂದು ನಾಳೆ ಮೊಟ್ಟೆ ಹೆಚ್ಚಿಸಲು ಆಗುವುದೂ ಇಲ್ಲ, ಯಾಕೆಂದರೆ ಇವತ್ತು ತಂದ ಮರಿ ಮೊಟ್ಟೆ ಇಡಲು ನಾಲ್ಕೂವರೆ ಐದು ತಿಂಗಳು ಬೇಕು. ಕಾಳಿನ ದರ ಮತ್ತು ಮೊಟ್ಟೆಯ ದರ ಬೇರೆ ಬೇರೆ ಗಡಿಯಾರ ನೋಡಿ ನಡೆಯುತ್ತವೆ.

ಎನ್‌ಇಸಿಸಿ ಹುಟ್ಟಿದ್ದು 1982ರಲ್ಲಿ, ಬಿ.ವಿ. ರಾವ್ ಅವರ ಮುಂದಾಳುತನದಲ್ಲಿ. ಮಧ್ಯವರ್ತಿಗಳು ಹೇಳಿದ ದರಕ್ಕೆ ಫಾರಂನವರು ತಲೆಬಾಗಬಾರದು ಎಂಬುದು ಅದರ ಉದ್ದೇಶವಾಗಿತ್ತು. ಮೊಟ್ಟೆ ಮಾರುವವರು ಒಟ್ಟಾಗಿ ತಮ್ಮ ದರ ತಾವೇ ಹೇಳುವಂತಾದರು. ಅದು ದೊಡ್ಡ ಕೆಲಸವೇ. ಆದರೆ ಆ ಕೋಳಿಗೆ ಕಾಳು ಕೊಡುವ ರೈತನಿಗೆ ಅಂಥ ಪಟ್ಟಿ ಇಲ್ಲ. ಬೆಂಬಲ ಬೆಲೆಯ ಕಾಗದ ಮಾತ್ರ ಇದೆ.

ಶಾಲೆಯ ಮೊಟ್ಟೆ

2021ರ ಡಿಸೆಂಬರ್‌ನಲ್ಲಿ ರಾಜ್ಯ ಸರಕಾರ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಅಪೌಷ್ಟಿಕತೆ ಹೆಚ್ಚಿದ್ದ ಜಿಲ್ಲೆಗಳವು. ವಿರೋಧ ಬಂದಾಗ ಮೊಟ್ಟೆ ಬೇಕೇ ಬೇಕು ಎಂದು ಅಲ್ಲಿನ ಮಕ್ಕಳೇ ಗಟ್ಟಿಯಾಗಿ ಕೇಳಿದರು. ಆಮೇಲೆ ಯೋಜನೆ ರಾಜ್ಯಕ್ಕೆಲ್ಲ ಹರಡಿತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು.

ಕೋಳಿ ಉದ್ಯಮಕ್ಕೆ ಇದು ವರ್ಷದ ಹೆಚ್ಚಿನ ತಿಂಗಳು ನಂಬಬಹುದಾದ ಗಿರಾಕಿ. ಶ್ರಾವಣದಲ್ಲಿ ಮಾರುಕಟ್ಟೆ ಬಿದ್ದರೂ ಶಾಲೆ ಬೀಳುವುದಿಲ್ಲ. ಆದರೆ ಒಂದು ಮೊಟ್ಟೆಗೆ ಗೊತ್ತು ಮಾಡಿದ್ದು 6 ರೂ., ಅದರಲ್ಲೇ ಬೇಯಿಸುವ, ಸುಲಿಯುವ ಖರ್ಚೂ ಸೇರಿದೆ. ಮೊಟ್ಟೆ ಏಳು ರೂಪಾಯಿ ದಾಟಿದ ದಿನ ಮುಖ್ಯ ಶಿಕ್ಷಕರು ಕೈಯಿಂದ ಹಾಕಬೇಕು. ಹೊಸಪೇಟೆ ವಲಯದಲ್ಲೇ ಮೊಟ್ಟೆ ಇದೆ, ಪಕ್ಕದಲ್ಲೇ ಕೊಪ್ಪಳದ ಶಾಲೆಗಳಿವೆ. ಹೀಗಿರುವಾಗ ಒಂದೊಂದು ಶಾಲೆಯೂ ಊರ ಅಂಗಡಿಯಿಂದ ಚಿಲ್ಲರೆ ದರಕ್ಕೆ ಕೊಳ್ಳುವ ಬದಲು, ತಾಲೂಕು ಮಟ್ಟದಲ್ಲಿ ಫಾರಂಗಳಿಂದಲೇ ಸಗಟು ದರಕ್ಕೆ ಕೊಳ್ಳುವ ವ್ಯವಸ್ಥೆ ಮಾಡಬಹುದು. ದರಪಟ್ಟಿ ಏರಿದಂತೆ ಅನುದಾನವೂ ಏರುವಂತೆ ಜೋಡಿಸಬಹುದು.

ಶೆಡ್ ಹಾಕುವ ಮೊದಲು

ಈಗ ನಮ್ಮೂರಿಗೆ ಬರೋಣ. ಕರಾವಳಿಯಲ್ಲಿ ಬ್ರಾಯ್ಲರ್ ಸಾಕಣೆ ಹೆಚ್ಚಾಗಿ ಒಪ್ಪಂದದ ಮೇಲೆ ನಡೆಯುತ್ತದೆ. ದಕ್ಷಿಣ ಭಾರತದಲ್ಲಿ ಈ ಪದ್ಧತಿ ಕೊಯಮತ್ತೂರು ಕಡೆಯಿಂದ 1990ರ ದಶಕದಲ್ಲಿ ಹಬ್ಬಿತು. ಕಂಪೆನಿ ಮರಿ, ಆಹಾರ, ಔಷಧ ಕೊಡುತ್ತದೆ. ಶೆಡ್, ನೀರು, ಕರೆಂಟು, ಹೊಟ್ಟು, ಮೈಮುರಿದು ದುಡಿಯುವುದು ಸಾಕುವವನದು. ಕೋಳಿ ಬೆಳೆದ ಮೇಲೆ ಕಿಲೋಗೆ ಇಷ್ಟು ಎಂದು ಕೂಲಿ. ಮಾರುಕಟ್ಟೆ ಬಿದ್ದರೆ ಸಾಕುವವನಿಗೆ ನೇರ ನಷ್ಟವಿಲ್ಲ, ಇದು ದೊಡ್ಡ ಸಮಾಧಾನ. ಮಾರುಕಟ್ಟೆ ಏರಿದರೆ ದೊಡ್ಡ ಲಾಭವೂ ಇಲ್ಲ.

ಒಂದು ಲೆಕ್ಕ ಹಾಕೋಣ. ಐದು ಸಾವಿರ ಕೋಳಿಯ ಶೆಡ್. ನೂರಕ್ಕೆ ಐದು ಸತ್ತರೆ ಉಳಿದದ್ದು 4,750. ತಲಾ ಎರಡು ಕಿಲೋ, ಒಟ್ಟು 9,500 ಕಿಲೋ. ಕೂಲಿ ಕಿಲೋಗೆ 7 ರೂ. ಎಂದು ಇಟ್ಟುಕೊಂಡರೆ ಒಂದು ಬ್ಯಾಚ್‌ಗೆ 66,500 ರೂ. ವರ್ಷಕ್ಕೆ ಐದು ಬ್ಯಾಚ್ ಸಿಕ್ಕಿದರೆ 3.32 ಲಕ್ಷ.

ಶೆಡ್‌ಗೆ 15 ಲಕ್ಷ ಸಾಲ ಮಾಡಿದ್ದರೆ? ಶೇ 11 ಬಡ್ಡಿ, ಏಳು ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 25,700 ರೂ., ವರ್ಷಕ್ಕೆ 3.08 ಲಕ್ಷ. ಉಳಿಯುವುದು 24 ಸಾವಿರ. ಅದರಲ್ಲಿ ಕರೆಂಟು ಬಿಲ್, ಹೊಟ್ಟು, ಆಳಿನ ಸಂಬಳ, ಮಳೆಗಾಲದ ರಿಪೇರಿ. ಗಲ್ಫ್‌ನಲ್ಲಿ ದುಡಿದು ಕೂಡಿಟ್ಟ ಹಣದಿಂದ ಕಟ್ಟಿದರೆ ಕಂತಿನ ತಲೆನೋವು ಇಲ್ಲ, ನಿಜ. ಆದರೆ ಆ ಹದಿನೈದು ಲಕ್ಷ ಮರಳಿ ಕೈಗೆ ಬರಲು ವರ್ಷಗಟ್ಟಲೆ ಬೇಕು, ಅಷ್ಟರಲ್ಲಿ ಶೆಡ್ ಹಳೆಯದಾಗಿರುತ್ತದೆ. ಸಾಲದ ಮೇಲೆ ಶೆಡ್ ಕಟ್ಟಿ, ಆಳು ಇಟ್ಟು, ತಾನು ಪೇಟೆಯಲ್ಲಿ ಕೂತು ಲಾಭ ಎಣಿಸುತ್ತೇನೆ ಎಂಬ ಕನಸು ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಮನೆಯವರೇ ದುಡಿಯುವ, ಕೋಳಿ ಗೊಬ್ಬರ ತಮ್ಮದೇ ಅಡಿಕೆ ತೋಟಕ್ಕೆ ಹೋಗುವ ಕಡೆ ಲೆಕ್ಕ ಸರಿಹೋಗಬಹುದು.

ಅದಕ್ಕೇ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಾಲ್ಕು ಮಾತು ಕೇಳಿ. ವರ್ಷಕ್ಕೆ ಎಷ್ಟು ಬ್ಯಾಚ್ ಕೊಡುತ್ತೀರಿ ಎಂದು ಕಾಗದದಲ್ಲಿ ಬರೆಯುತ್ತೀರಾ? ಮರಿ ತಡವಾದರೆ ಖಾಲಿ ಶೆಡ್‌ನ ದಿನಗಳಿಗೆ ಯಾರು ಹೊಣೆ? ಮರಿ ಅಥವಾ ಆಹಾರದ ಗುಣಮಟ್ಟ ಕೆಟ್ಟು ತೂಕ ಬರದಿದ್ದರೆ ನಮ್ಮ ಕೂಲಿಯನ್ನು ಯಾಕೆ ಕಡಿಯುತ್ತೀರಿ? ಕೋಳಿ ಎತ್ತುವಾಗ ತೂಕ ನೋಡಲು ನಮ್ಮವರು ನಿಲ್ಲಬಹುದೇ? ಮನೆಯಲ್ಲಿ ಓದು ಬಲ್ಲ ಮಗಳೋ ಸೊಸೆಯೋ ಇದ್ದರೆ ಒಪ್ಪಂದದ ಪ್ರತಿ ಸಾಲನ್ನೂ ಅವರಿಂದ ಓದಿಸಿ.

ನೆರೆಯವರನ್ನೂ ಕೇಳಿ. ನೊಣ ಮತ್ತು ವಾಸನೆಯ ಜಗಳ ಘಟ್ಟದ ಮೇಲೂ ಇದೆ, ಕೆಳಗೂ ಇದೆ. ಮನೆಗಳು ಒತ್ತೊತ್ತಾಗಿರುವ ಕರಾವಳಿಯಲ್ಲಿ ಅದು ಬೇಗ ಪಂಚಾಯತ್ ಮೆಟ್ಟಿಲೇರುತ್ತದೆ. ಐದು ಸಾವಿರಕ್ಕಿಂತ ಹೆಚ್ಚು ಕೋಳಿ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ ಬೇಕು.

ಜ್ವರ ಬಂದಾಗ

2020ರ ಮಾರ್ಚ್ ನೆನಪಿರಬೇಕು. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಹಬ್ಬಿ ಬ್ರಾಯ್ಲರ್ ದರ ನೆಲಕಚ್ಚಿತು, ರಾಜ್ಯದಲ್ಲಿ ಕೆಲವು ರೈತರು ಕೋಳಿಗಳನ್ನು ಜೀವಂತ ಹೂತರು. ಅದೇ ತಿಂಗಳು ಮೈಸೂರಿನಲ್ಲಿ, ಹರಿಹರದ ಬನ್ನಿಕೋಡಿನಲ್ಲಿ ನಿಜವಾದ ಹಕ್ಕಿಜ್ವರ ಕಾಣಿಸಿಕೊಂಡಿತು. 2025ರಲ್ಲಿ ಚಿಕ್ಕಬಳ್ಳಾಪುರದಲ್ಲಿ, ಆಮೇಲೆ ಹೊಸಪೇಟೆಗೆ ದೂರವಲ್ಲದ ಸಂಡೂರು ತಾಲೂಕಿನ ಕುರೆಕುಪ್ಪದಲ್ಲಿ ಬಂತು.

ಹಕ್ಕಿಜ್ವರ ದೃಢಪಟ್ಟರೆ ಒಂದು ಕಿ.ಮೀ. ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, ಹತ್ತು ಕಿ.ಮೀ.ವರೆಗೆ ನಿಗಾ ಇಡುತ್ತಾರೆ. ಸರಕಾರ ಪರಿಹಾರ ಕೊಡುವುದು ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆ ಮತ್ತು ಆಹಾರಕ್ಕೆ. ಒಪ್ಪಂದದ ಶೆಡ್‌ನಲ್ಲಿ ಕೋಳಿಯ ಒಡೆಯ ಕಂಪೆನಿ. ತಿಂಗಳುಗಟ್ಟಲೆ ಖಾಲಿ ಬೀಳುವ ಶೆಡ್‌ಗೆ, ನಿಂತುಹೋದ ಕೂಲಿಗೆ ಪರಿಹಾರ ಎಲ್ಲಿದೆ? ಮುಚ್ಚಿದ ಕೋಳಿ ಅಂಗಡಿಯ ಹುಡುಗನ ದಿನಗೂಲಿಗೆ? ಅಪಾಯದ ದೊಡ್ಡ ಪಾಲು ಸಣ್ಣವನ ತಲೆ ಮೇಲೆಯೇ ಬೀಳುತ್ತದೆ.

ದಾರಿ ಇದೆಯೇ?

ಇದೆ, ಹತ್ತಿರದಲ್ಲೇ. ಕೇರಳದಲ್ಲಿ ಕುಟುಂಬಶ್ರೀ 2017ರಲ್ಲಿ "ಕೇರಳ ಚಿಕನ್" ಯೋಜನೆ ಶುರು ಮಾಡಿತು. ಅಲ್ಲಿ ಮಹಿಳಾ ಸಂಘದ ಸದಸ್ಯರು ಕೋಳಿ ಸಾಕುತ್ತಾರೆ, ಮರಿ ಮತ್ತು ಆಹಾರ ಯೋಜನೆಯಿಂದ ಬರುತ್ತದೆ, ಮಾರಾಟಕ್ಕೆ ಅದರದ್ದೇ ಅಂಗಡಿಗಳಿವೆ. ಒಪ್ಪಂದ ಅಲ್ಲೂ ಇದೆ, ಆದರೆ ಎದುರು ಕೂತಿರುವುದು ಸದಸ್ಯರದ್ದೇ ಸಂಸ್ಥೆ. ನಮ್ಮಲ್ಲಿ ಹಾಲಿಗೆ ಮಾಡಿದ ಕೆಲಸವನ್ನು ಕೋಳಿಗೆ ಮಾಡಲಾಗದು ಎಂದೇನಿಲ್ಲ.

ಸಣ್ಣದಾಗಿ ಶುರು ಮಾಡುವವರಿಗೆ ಹಿತ್ತಿಲ ಕೋಳಿಯೂ ಇದೆ. ಕೊಪ್ಪಳದವರು ಜವಾರಿ ಕೋಳಿ ಅನ್ನುತ್ತಾರೆ, ನಾವು ಊರ ಕೋಳಿ ಅನ್ನುತ್ತೇವೆ. ಎರಡೂ ಕಡೆ ಅದರ ದರ ಬ್ರಾಯ್ಲರ್‌ಗಿಂತ ಎಷ್ಟೋ ಮೇಲೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳು ಮನೆಯ ಉಳಿಕೆ ಅನ್ನ, ಹುಳ ಹುಪ್ಪಟೆ ತಿಂದು ಬೆಳೆಯುತ್ತವೆ. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಗ್ರಾಮೀಣ ಕೋಳಿ ಘಟಕಕ್ಕೆ ಶೇ 50 ಬಂಡವಾಳ ಸಹಾಯಧನ ಇದೆ, ಗರಿಷ್ಠ 25 ಲಕ್ಷ ರೂ. ಇದು ತಾಯಿ ಕೋಳಿ ಸಾಕಿ, ಮರಿ ಮಾಡಿ, ಹಳ್ಳಿಗಳಿಗೆ ಹಂಚುವ ಘಟಕಕ್ಕೆ. ಒಬ್ಬರಿಗೆ ಭಾರವಾದರೆ ಸ್ವಸಹಾಯ ಸಂಘದವರು ಒಟ್ಟಾಗಿ ಕೇಳಬಹುದು. ವಿವರ ಪಶುಪಾಲನಾ ಇಲಾಖೆಯ ತಾಲೂಕು ಕಚೇರಿಯಲ್ಲಿ ಸಿಗುತ್ತದೆ.

ದೊಡ್ಡ ಮಾತು ಸರಕಾರದ ಕೈಯಲ್ಲಿದೆ. ಮೆಕ್ಕೆಜೋಳದ ಬೆಂಬಲ ಬೆಲೆ ಕಾಗದದಲ್ಲಿ ಉಳಿಯದೆ ಯಲಬುರ್ಗಾದ ಮಾರುಕಟ್ಟೆಯಲ್ಲಿ ಸಿಗಬೇಕು. ಕಾಳು ಇಡಲು ಗೋದಾಮು ಬೇಕು. ಒಪ್ಪಂದದ ಸಾಕಣೆದಾರನಿಗೆ ಕನಿಷ್ಠ ಕೂಲಿ ಮತ್ತು ರೋಗದ ಕಾಲದ ಪರಿಹಾರ ಕಾನೂನಿನಲ್ಲಿ ಬರಬೇಕು. ಇದನ್ನು ಕೇಳಲು ಘಟ್ಟದ ಮೇಲಿನ ರೈತನೂ ಕೆಳಗಿನ ಸಾಕಣೆದಾರನೂ ಕೋಳಿ ಅಂಗಡಿಯವನೂ ಒಂದೇ ಸಾಲಿನಲ್ಲಿ ನಿಲ್ಲಬಹುದು, ಯಾಕೆಂದರೆ ಮೂವರ ತೊಂದರೆಯ ಬೇರು ಒಂದೇ. ದರ ಹೇಳುವ ಜಾಗದಲ್ಲಿ ಮೂವರಲ್ಲಿ ಯಾರಿಗೂ ಕುರ್ಚಿ ಇಲ್ಲ.

ನಮ್ಮ ಮನೆಗಳಿಗೆ ಇಷ್ಟು ಹೇಳುತ್ತೇವೆ. ಶೆಡ್ ಹಾಕುವ ಆಸೆ ಇದ್ದರೆ ಮೊದಲು ಕಾಗದ ಪೆನ್ನು ಹಿಡಿದು ಕೂತು ಮೇಲಿನ ಲೆಕ್ಕವನ್ನು ನಿಮ್ಮ ಅಂಕಿಗಳಿಂದ ಹಾಕಿ ನೋಡಿ. ವರ್ಷಕ್ಕೆ ಐದು ಬ್ಯಾಚ್ ಬದಲು ನಾಲ್ಕೇ ಸಿಕ್ಕಿದರೂ ಮನೆ ನಡೆಯುತ್ತದೆ ಎಂದಾದರೆ ಮಾತ್ರ ಮುಂದಿನ ಹೆಜ್ಜೆ ಇಡಿ.